ಎರಡು ವಿಭಾಗದ ಸೀನಿಯರ್‌ಗಳ ಜಗಳದ ಮಧ್ಯೆ ಸಿಕ್ಕಿಬಿದ್ದ ರೆಸಿಡೆಂಟ್ ಯಾರ ಕಡೆಗೂ ವಾಲದೆ ಇರುವುದು ಹೇಗೆ?

ವಾಲದೆ ಇರಲೇಬೇಕು ಅಂತ ನಿಮಗೆ ಹೇಳಿದವರು ಯಾರು? ನಾನೂ ಹಾಗೇ ಅಂದುಕೊಂಡಿದ್ದೆ. ಇಬ್ಬರಿಗೂ ಬೇಜಾರಾಗದ ಹಾಗೆ ನೋಡಿಕೊಂಡರೆ ಸಾಕು, ರೆಸಿಡೆನ್ಸಿ, ಅಂದರೆ ಎಂಬಿಬಿಎಸ್ ಆದ ಮೇಲಿನ ಪಿಜಿ ತರಬೇತಿ, ಹೇಗೋ ಮುಗಿಯುತ್ತೆ ಅಂತ. ಅದರ ಫಲ ಉಂಡದ್ದು ಮೊದಲು ಒಬ್ಬ ಅಜ್ಜಿ, ಆಮೇಲೆ ನಾನು.

ನಾನು ಆರ್ಥೋಪೆಡಿಕ್ಸ್, ಅಂದರೆ ಮೂಳೆ ವಿಭಾಗ. ನಮ್ಮ ಯುನಿಟ್ ಚೀಫ್‌ಗೂ ಆಪರೇಷನ್‌ಗೆ ಅರಿವಳಿಕೆ ಕೊಡುವ ಅನಸ್ತೇಶಿಯಾದ ಸೀನಿಯರ್ ಮೇಡಂಗೂ ನಾನು ಸೇರುವ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. ಶುರುವಾದದ್ದು ಯಾಕೆ ಅಂತ ನನ್ನ ಸೀನಿಯರ್‌ಗಳಿಗೂ ಗೊತ್ತಿರಲಿಲ್ಲ. ಇವರು ಅವರಿಗೆ ಫೋನ್ ಮಾಡುತ್ತಿರಲಿಲ್ಲ, ಅವರು ಇವರಿಗೆ ಮಾಡುತ್ತಿರಲಿಲ್ಲ. ಮಧ್ಯೆ ಓಡಾಡುವುದಕ್ಕೆ ನಾವಿದ್ದೆವಲ್ಲ!

ಒಂದು ಶುಕ್ರವಾರ ಸಂಜೆ ಬಾತ್‌ರೂಮಿನಲ್ಲಿ ಬಿದ್ದ ಅಜ್ಜಿಯೊಬ್ಬರು ಬಂದರು. ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ವಯಸ್ಸಾದವರಲ್ಲಿ ಈ ಮುರಿತ ಆದಾಗ ಬೇಗ ಆಪರೇಷನ್ ಮಾಡಿ ಎಬ್ಬಿಸಿ ಕೂರಿಸಬೇಕು, ಮಲಗಿದಷ್ಟೂ ತೊಂದರೆ ಜಾಸ್ತಿ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆಯ ಗೈಡ್‌ಲೈನ್ 2011ರಿಂದಲೇ ದಾಖಲಾದ ದಿನ ಅಥವಾ ಮರುದಿನ ಮಾಡಿ ಅನ್ನುತ್ತಿದೆ. ನಮ್ಮ ಸರ್‌ಗೆ ಇದು ಬಾಯಿಪಾಠ. ಶನಿವಾರ ಮೊದಲ ಕೇಸ್ ಅಂತ ಲಿಸ್ಟ್‌ಗೆ ಹಾಕಿಸಿದರು.

ರಾತ್ರಿ ಮೇಡಂ ಬಂದು ನೋಡಿದರು. ಎದೆಗೆ ಸ್ಟೆತ್ ಇಟ್ಟವರು ತುಂಬಾ ಹೊತ್ತು ತೆಗೆಯಲಿಲ್ಲ. ಮರ್ಮರ್, ಅಂದರೆ ಹೃದಯ ಬಡಿತದ ಜೊತೆ ಕೇಳುವ ಅಸಹಜ ಸದ್ದು, ಇತ್ತು. ಅವರಿಗೆ ಅನುಮಾನ ಬಂದದ್ದು ಅಯೋರ್ಟಿಕ್ ಸ್ಟೆನೋಸಿಸ್ ಮೇಲೆ, ಅಂದರೆ ಹೃದಯದಿಂದ ರಕ್ತ ಹೊರಗೆ ಹೋಗುವ ಕವಾಟ ಕಿರಿದಾಗಿರುವುದು. ಅದು ಜೋರಾಗಿದ್ದರೆ ಬೆನ್ನಿಗೆ ಸ್ಪೈನಲ್ (ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟ ಕೂಡಲೇ ಬಿಪಿ ದಿಢೀರ್ ಅಂತ ಬೀಳಬಹುದು, ಕಿರಿದಾದ ಕವಾಟದ ಹಿಂದೆ ಹೃದಯಕ್ಕೆ ಅದನ್ನು ಸರಿದೂಗಿಸಲು ಆಗುವುದಿಲ್ಲ. ಅವರು ನನಗೆ ಹೇಳಿದ ಮಾತು ಇದು: "ಎಕೋ ಮಾಡಿಸು. ಬೆಳಿಗ್ಗೆ ಒಳಗೆ ಆಗದಿದ್ದರೆ ಸಿವಿಯರ್ ಅಂತಲೇ ಅಂದುಕೊಂಡು ಜನರಲ್ ಕೊಡ್ತೀನಿ, ಆರ್ಟೀರಿಯಲ್ ಲೈನ್ ಹಾಕ್ತೀನಿ. ಆಮೇಲೆ ಐಸಿಯು ಬೆಡ್ ಬೇಕು. ಅದನ್ನ ನಿಮ್ಮ ಸರ್ ಮಾತಾಡಿ ಇಡಿಸಲಿ."

ಎಕೋ ಅಂದರೆ ಹೃದಯದ ಸ್ಕ್ಯಾನ್, ಜನರಲ್ ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ, ಆರ್ಟೀರಿಯಲ್ ಲೈನ್ ಅಂದರೆ ಬಿಪಿಯನ್ನು ಕ್ಷಣಕ್ಷಣಕ್ಕೂ ನೋಡಲು ರಕ್ತನಾಳಕ್ಕೆ ಹಾಕುವ ನಳಿಕೆ. ನೋಡಿ, ಎಷ್ಟು ನೇರವಾದ ಮಾತು. ಎಕೋ ಆದರೆ ಒಳ್ಳೆಯದು, ಆಗದಿದ್ದರೂ ಕೇಸ್ ನಿಲ್ಲುವುದಿಲ್ಲ.

ನಾನು ಜೇಬಿನಲ್ಲಿದ್ದ ಕೆಲಸದ ಚೀಟಿ ತೆಗೆದೆ. ನಾಲ್ಕು ಮಡಿಕೆಯ ಹಾಳೆ, ಪ್ರತಿ ರೋಗಿಯ ಮುಂದೆ ಸಣ್ಣ ಸಣ್ಣ ಚೌಕ. ಅಜ್ಜಿಯ ಬೆಡ್ ನಂಬರ್ ಮುಂದೆ ಒಂದು ಚೌಕ ಹಾಕಿ ಪಕ್ಕದಲ್ಲಿ "ಎಕೋ" ಅಂತ ಬರೆದೆ. ಅಷ್ಟೇ.

ನಾನು ಕೆಡಿಸಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಮರೆವಲ್ಲ. ಮೇಡಂ ಹೇಳಿದ ಎರಡನೇ ಅರ್ಧ ನನಗೆ ಪೂರ್ತಿ ನೆನಪಿತ್ತು. ಅದನ್ನು ಸರ್‌ಗೆ ಹೇಳಬೇಕೆಂದರೆ "ಐಸಿಯು ಬೆಡ್‌ಗೆ ನೀವು ಮಾತಾಡಬೇಕಂತೆ ಸರ್" ಅನ್ನಬೇಕು. ಐಸಿಯು ನೋಡಿಕೊಳ್ಳುವವರು ಮೇಡಂ ವಿಭಾಗದವರೇ. ಸರ್ ಅವರ ಹತ್ತಿರ ಕೇಳಬೇಕು ಅಂದರೆ ಅದು ಸೋತಂತೆ. ಆ ಮಾತು ಹೇಳಿದ ನನ್ನ ಮೇಲೆ ಹರಿಹಾಯುತ್ತಾರೆ. ಅಷ್ಟು ಲೆಕ್ಕ ಹಾಕಿದೆ. "ಎಕೋ ಬೇಕಂತೆ ಸರ್" ಅಂದು ಸುಮ್ಮನಾದೆ. ನಿರೀಕ್ಷಿಸಿದ ಹಾಗೇ ಬೈಗುಳ ಬಿತ್ತು, ಆದರೆ ನನಗಲ್ಲ, ಮೇಡಂಗೆ. "ಪ್ರತಿ ಸಲ ಇದೇ ನೆಪ. ಎಕೋ ಇಲ್ದೆ ತಗೊಳ್ಳಲ್ವಂತಾ? ಹಾಗಂತ ಬರೆದು ಕೊಡಲಿ." ನನಗೆ ಸಮಾಧಾನವೇ ಆಯಿತು ಅಂದರೆ ನಂಬುತ್ತೀರಾ? ಬೈಸಿಕೊಂಡವನು ನಾನಲ್ಲವಲ್ಲ ಅಂತ.

ಇಷ್ಟಕ್ಕೇ ನಿಂತಿದ್ದರೂ ಪರವಾಗಿರಲಿಲ್ಲ. ಮೇಡಂ ಕೇಳಿದಾಗ "ಬರೆದು ಕೊಡಲಿ" ಅನ್ನುವುದನ್ನೂ ನುಂಗಿದೆ. "ಸರ್ ಎಕೋಗೆ ಟ್ರೈ ಮಾಡ್ತಿದ್ದಾರೆ ಮೇಡಂ" ಅಂದೆ. ಸರ್ ಏನೂ ಟ್ರೈ ಮಾಡುತ್ತಿರಲಿಲ್ಲ. ವಾರದ ಕೊನೆಯಲ್ಲಿ ಎಕೋ ಆಗುವುದಿಲ್ಲ, ಸೋಮವಾರ ಕಳಿಸಿ ಅಂತ ಕಾರ್ಡಿಯಾಲಜಿಯ ಜೂನಿಯರ್ ನನಗೆ ಶುಕ್ರವಾರ ರಾತ್ರಿಯೇ ಹೇಳಿದ್ದ. ಈಗ ಪರಿಸ್ಥಿತಿ ನೋಡಿ. ಎಕೋ ಇಲ್ಲದೆ ಮೇಡಂ ಮುಟ್ಟುವುದಿಲ್ಲ ಅಂತ ಸರ್ ಅಂದುಕೊಂಡಿದ್ದಾರೆ. ಸರ್ ಎಕೋಗೆ ಕಾಯುತ್ತಿದ್ದಾರೆ, ಅದಕ್ಕೇ ಬೆಡ್ ಕೇಳಿಲ್ಲ ಅಂತ ಮೇಡಂ ಅಂದುಕೊಂಡಿದ್ದಾರೆ. ಇಬ್ಬರ ಮಧ್ಯೆ ಆಗ ಜಗಳವೇ ಇರಲಿಲ್ಲ. ಇದ್ದದ್ದು ನಾನು ಕಟ್ಟಿದ ಗೋಡೆ.

ಶನಿವಾರದ ಲಿಸ್ಟ್‌ನಿಂದ ಅಜ್ಜಿಯ ಹೆಸರು ಹೋಯಿತು. ಕಾಲಿಗೆ ಟ್ರಾಕ್ಷನ್ ಹಾಕಿ ಮಂಚದ ತುದಿಯಲ್ಲಿ ತೂಕ ತೂಗಿಬಿಟ್ಟಿದ್ದೆವು. ಭಾನುವಾರದ ಹೊತ್ತಿಗೆ ಅವರಿಗೆ ಡೆಲಿರಿಯಂ (ದಿಢೀರ್ ಮನಸ್ಸಿನ ಗೊಂದಲ) ಶುರು. ಕೈಗೆ ಹಾಕಿದ ಐವಿ ಕಿತ್ತರು. ಮಗಳನ್ನು ತಂಗಿಯ ಹೆಸರಿನಿಂದ ಕರೆದರು. ಹಿಮ್ಮಡಿ ಕೆಂಪಗಾಗಿತ್ತು. ಸೋಮವಾರ ಎಕೋ ಆಯಿತು, ಕವಾಟ ಸ್ವಲ್ಪ ದಪ್ಪಗಾಗಿದೆ ಅಷ್ಟೇ, ಕಿರಿದಾಗಿಲ್ಲ. ಆದರೆ ಅಷ್ಟರಲ್ಲಿ ಜ್ವರ ಬಂದು, ಬಲ ಶ್ವಾಸಕೋಶದ ಕೆಳಗೆ ನ್ಯುಮೋನಿಯಾ ಹಿಡಿದಿತ್ತು. ಆಪರೇಷನ್ ಮತ್ತೆ ಮುಂದಕ್ಕೆ. ಕೊನೆಗೆ ಆಯಿತು, ಬದುಕಿದರು. ಮೊದಲಿನ ಹಾಗೆ ಒಬ್ಬರೇ ನಡೆಯುವುದು ಮಾತ್ರ ನಾನು ನೋಡಿದಷ್ಟು ದಿನ ಆಗಲಿಲ್ಲ.

ಸೋಮವಾರ ಕಾರಿಡಾರಿನಲ್ಲಿ ಸರ್ ಮತ್ತು ಮೇಡಂ ಎದುರಾದರು. "ಐಸಿಯು ಬೆಡ್ ಯಾಕೆ ಕೇಳಲಿಲ್ಲ?" ಅಂದರು ಮೇಡಂ. "ಯಾವ ಬೆಡ್?" ಅಂದರು ಸರ್. ಒಂದೇ ನಿಮಿಷದಲ್ಲಿ ಎಲ್ಲ ಬಯಲಾಯಿತು. ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದವರು ಅವತ್ತು ನನ್ನ ವಿಷಯದಲ್ಲಿ ಒಂದಾದರು. ಸರ್ ನನ್ನನ್ನು ಕೆಲವು ಕಾಲ ಆಪರೇಷನ್ ಥಿಯೇಟರಿನಿಂದ ಹೊರಗಿಟ್ಟರು. ಅದನ್ನು ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಮೇಡಂ ಮಾಡಿದ್ದು: ಆಮೇಲೆ ನಾನು ಏನು ಹೇಳಿದರೂ "ನಿಮ್ಮ ಸೀನಿಯರ್ ಹತ್ರ ಹೇಳಿಸು" ಅನ್ನುತ್ತಿದ್ದರು. ರಾತ್ರಿ ಎಮರ್ಜೆನ್ಸಿಗೂ ಅಷ್ಟೇ. ರೆಸಿಡೆಂಟ್‌ನ ಮಾತಿಗೆ ಬೆಲೆ ಇಲ್ಲದಿದ್ದರೆ ಅವನ ಕೈಯಲ್ಲಿ ಇನ್ನೇನಿದೆ ಹೇಳಿ.

ಆಮೇಲೆ ಓದಿದಾಗ ಗೊತ್ತಾಯಿತು, ಈ ತಪ್ಪಿಗೆ ಮದ್ದು ಮೊದಲೇ ಇತ್ತು. ಡ್ಯೂಟಿ ಹಸ್ತಾಂತರಿಸುವಾಗ ಬಳಸುವ ಐ-ಪಾಸ್ ಅನ್ನುವ ಕ್ರಮ. 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದರ ಫಲಿತಾಂಶ ಬಂತು. 9 ಆಸ್ಪತ್ರೆಗಳ ಮಕ್ಕಳ ವಿಭಾಗದ ರೆಸಿಡೆಂಟ್‌ಗಳಿಗೆ ಕಲಿಸಿದ ಮೇಲೆ ವೈದ್ಯಕೀಯ ತಪ್ಪುಗಳು 23% ಕಮ್ಮಿಯಾದವು. ಅದರಲ್ಲಿ ಎರಡು ಭಾಗ ನನ್ನ ಕೇಸಿಗೇ ಹೇಳಿ ಮಾಡಿಸಿದ್ದು. ಒಂದು, ಅಂದುಕೊಂಡದ್ದು ಆಗದಿದ್ದರೆ ಏನು ಮಾಡಬೇಕು ಅನ್ನುವುದನ್ನು ಕಡ್ಡಾಯವಾಗಿ ಹೇಳುವುದು. ಇನ್ನೊಂದು, ಕೇಳಿಸಿಕೊಂಡವನು ಅದನ್ನು ತನ್ನ ಮಾತಲ್ಲಿ ತಿರುಗಿ ಒಪ್ಪಿಸುವುದು. "ಅಂದರೆ ಮೇಡಂ, ಎಕೋ ಆಗದಿದ್ದರೆ ಜನರಲ್, ಲೈನ್, ಐಸಿಯು ಬೆಡ್, ಸರಿಯಾ?" ಅಂತ ಅಲ್ಲೇ ಒಪ್ಪಿಸಿ, ಹಾಗೇ ಕೇಸ್ ಶೀಟಿಗೆ ಬರೆದಿದ್ದರೆ ಅರ್ಧ ನುಂಗುವುದಕ್ಕೆ ನನಗೆ ಜಾಗವೇ ಇರುತ್ತಿರಲಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಮೆಡಿಸಿನ್ ಸರ್‌ಗೂ ಸರ್ಜರಿ ಸರ್‌ಗೂ ರೋಗಿ ಯಾರ ಕೆಳಗೆ ಇರಬೇಕು ಅನ್ನುವುದಕ್ಕೇ ಜಗಳ, ಇಬ್ಬರೂ ನಿಮ್ಮ ಹತ್ತಿರ ಇನ್ನೊಬ್ಬರ ಬಗ್ಗೆ ಆಡಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಯಾರ ಕಡೆಗೂ ವಾಲದೆ ಇರುವುದು ಹೇಗೆ ಅನ್ನುವುದೇ ತಪ್ಪು ಪ್ರಶ್ನೆ ಅನ್ನುತ್ತೇನೆ. ಹೊಟ್ಟೆ ಗಟ್ಟಿಯಾಗಿರುವ ರೋಗಿಯನ್ನು ಸರ್ಜರಿಯವರು ಈಗಲೇ ನೋಡಬೇಕು ಅಂದರೆ ನೋಡಬೇಕು. ಅಲ್ಲಿ ಮಧ್ಯಸ್ಥನ ಹಾಗೆ ಮುಗುಳ್ನಗುತ್ತಾ ನಿಲ್ಲುವುದಕ್ಕೆ ಏನಿದೆ? ವಾಲಿ. ಆದರೆ ಸರ್ ಕಡೆಗಲ್ಲ, ಆ ಹೊತ್ತಿಗೆ ಉತ್ತರ ಬೇಕಾಗಿರುವ ಪ್ರಶ್ನೆಯ ಕಡೆಗೆ. "ಸರ್ಜಿಕಲ್ ಒಪಿನಿಯನ್ ಬೇಕು" ಅಂತ ರೆಫರೆನ್ಸ್ ಬರೆದರೆ ಅದು ಪ್ರಶ್ನೆಯೇ ಅಲ್ಲ. ನಾವು "ಆಪರೇಷನ್‌ಗೆ ಫಿಟ್‌ನೆಸ್ ಕೊಡಿ" ಅಂತ ಬರೆಯುತ್ತಿದ್ದ ಹಾಗೆ. ಅದಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಆಮೇಲೆ ಅದೇ ಹಾಳೆ ಹಿಡಿದು ಜಗಳ ಆಡಬಹುದು. "ಇವತ್ತು ರಾತ್ರಿ ಹೊಟ್ಟೆ ತೆರೆಯಬೇಕಾ, ಬೇಡವಾದರೆ ಯಾವ ಲಕ್ಷಣ ಕಂಡರೆ ನಿಮ್ಮನ್ನು ಮತ್ತೆ ಕರೆಯಲಿ" ಅಂತ ಕೇಳಿ. ಇದಕ್ಕೆ ಜಗಳದಲ್ಲಿ ಉತ್ತರ ಕೊಡುವುದು ಕಷ್ಟ.

ಎರಡನೇದು, ಸುದ್ದಿ ಹೊರುವುದನ್ನು ನಿಲ್ಲಿಸಿ. ನಾನು ಈಗ ಫೋನ್ ಹಚ್ಚಿ ಕೈಗೇ ಕೊಟ್ಟುಬಿಡುತ್ತೇನೆ. "ಸರ್, ಮೇಡಂ ಲೈನಲ್ಲಿದ್ದಾರೆ, ಒಂದು ನಿಮಿಷ." ಮೊದಲ ಸಲ ಕೈ ನಡುಗಿತ್ತು. ತಮಾಷೆ ಏನೆಂದರೆ, ಹಿಂದಿನಿಂದ ಏನೆಲ್ಲ ಅಂದವರು ನೇರ ಫೋನಲ್ಲಿ "ನಮಸ್ಕಾರ ಮೇಡಂ, ಹೇಗಿದ್ದೀರಿ" ಅನ್ನುತ್ತಾರೆ. ಎಲ್ಲರೂ ಅಲ್ಲ. ಹೆಚ್ಚಿನವರು.

ಕೇಸ್ ಶೀಟಿನಲ್ಲಿ ಮಾತ್ರ ಜಗಳ ಬೇಡ. "ಸರ್ಜರಿಯವರು ನಾಲ್ಕು ಸಲ ಕರೆದರೂ ಬಂದಿಲ್ಲ" ಅಂತ ಬರೆಯಲು ನಿಮ್ಮ ಸರ್ ಹೇಳಿಕೊಡುತ್ತಾರೆ. ಯಾರಿಗೆ, ಎಷ್ಟು ಹೊತ್ತಿಗೆ ತಿಳಿಸಿದೆ, ಅವರು ಏನು ಹೇಳಿದರು, ಅಷ್ಟು ಬರೆಯಿರಿ. ವಿಶೇಷಣ ಬೇಡ.

ಆ ಕಡೆಯ ವಿಭಾಗದಲ್ಲಿ ನಿಮ್ಮ ಹಾಗೇ ಸಿಕ್ಕಿಬಿದ್ದಿರುವ ಒಬ್ಬ ರೆಸಿಡೆಂಟ್ ಇದ್ದೇ ಇರುತ್ತಾರೆ. ಅವರ ಸ್ನೇಹ ಮಾಡಿ. ಅವರವರ ಬಾಸ್ ಬಗ್ಗೆ ಹರಟುವುದಕ್ಕಲ್ಲ, ಮೇಲಿನವರಿಗೆ ಹೇಳುವ ಮೊದಲು ಇಬ್ಬರ ಮಾತೂ ಒಂದೇ ಇದೆಯಾ ಅಂತ ನೋಡಿಕೊಳ್ಳುವುದಕ್ಕೆ. ನನ್ನ ಕೇಸಲ್ಲಿ ಅನಸ್ತೇಶಿಯಾದ ಜೂನಿಯರ್‌ಗೆ ಒಂದು ಫೋನ್ ಮಾಡಿದ್ದರೆ ಶನಿವಾರ ಬೆಳಿಗ್ಗೆಯೇ ಎಲ್ಲ ಗೊತ್ತಾಗುತ್ತಿತ್ತು.

ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ದೂರು ಕೊಡಿ ಅಂತ ಕೆಲವರು ಹೇಳಬಹುದು. ಆಡಿಕೊಂಡರು ಅನ್ನುವುದಕ್ಕೆಲ್ಲ ಬೇಡ, ಒಂದು ಕಿವಿಯಲ್ಲಿ ಕೇಳಿ ಬಿಟ್ಟುಬಿಡಿ. ಆದರೆ ರೋಗಿಗೆ ಅಪಾಯ ಅನ್ನಿಸಿದರೆ ಬೆಳಗಾಗುವುದನ್ನು ಕಾಯಬೇಡಿ, ಅದೇ ರಾತ್ರಿ ಮೇಲಿನವರನ್ನು ಎಬ್ಬಿಸಿ. ನಿಮ್ಮ ಮೇಲೆ ಕೈ ಎತ್ತಿದರೆ, ಎಲ್ಲರೆದುರು ಮರ್ಯಾದೆ ತೆಗೆದರೆ, ಅದು ಬೇರೆ ವಿಷಯ, ಲಿಖಿತವಾಗಿ ಕೊಡಿ.

ನೇರವಾಗಿ ಆ ಕಡೆಯವರ ಹತ್ತಿರ ಮಾತಾಡಿದರೆ ನಮ್ಮ ಸರ್ ಕೋಪ ಮಾಡಿಕೊಳ್ಳುತ್ತಾರೆ ಅಂತಲೂ ಬರೆದಿದ್ದೀರಿ. ಮಾಡಿಕೊಳ್ಳಬಹುದು. ಕದ್ದು ಹೋಗಬೇಡಿ, ಹೇಳಿಯೇ ಹೋಗಿ: "ಸರ್, ಲ್ಯಾಕ್ಟೇಟ್ ಏರ್ತಿದೆ, ನಾನು ಸರ್ಜರಿ ಸರ್‌ಗೆ ಫೋನ್ ಮಾಡ್ತಿದ್ದೀನಿ." (ಲ್ಯಾಕ್ಟೇಟ್ ಅಂದರೆ ರಕ್ತದ ಒಂದು ಪರೀಕ್ಷೆ, ಏರುತ್ತಿದ್ದರೆ ಅಪಾಯದ ಸೂಚನೆ.) ಬೇಡ ಅಂದರೆ ಯಾಕೆ ಅಂತ ಕೇಳಿ, ಅವರು ಹೇಳಿದ ಕಾರಣವನ್ನು ಹೊತ್ತಿನ ಸಮೇತ ಕೇಸ್ ಶೀಟಿಗೆ ಬರೆಯಿರಿ. ಬರೆಯುತ್ತಿದ್ದೀರಿ ಅಂತ ಗೊತ್ತಾದರೆ ಬಹುಪಾಲು ಸರ್‌ಗಳು "ಸರಿ ಮಾರಾಯ, ಮಾಡು" ಅನ್ನುತ್ತಾರೆ.