ರಾಯಚೂರಿನಲ್ಲಿದ್ದುಕೊಂಡೇ ಮಗನನ್ನು ಚೆಸ್ ಗ್ರ್ಯಾಂಡ್‌ಮಾಸ್ಟರ್ (ಜಿಎಂ) ಮಾಡಬಹುದೇ? ಅದರಿಂದ ಹೊಟ್ಟೆ ತುಂಬುತ್ತದೆಯೇ?

ಮಗನಿಗೆ ಹತ್ತು ವರ್ಷ, ಫಿಡೆ (ವಿಶ್ವ ಚೆಸ್ ಸಂಸ್ಥೆ) ಆಟದ ಬಲ ಅಳೆದು ಕೊಡುವ ರೇಟಿಂಗ್ 1520, ಜಿಲ್ಲೆಯಲ್ಲಿ ಸಾಲು ಸಾಲು ಕಪ್ ಗೆದ್ದಿದ್ದಾನೆ ಅಂತ ಬರೆದಿದ್ದೀರಿ. ಕಪ್‌ಗಳನ್ನು ಷೋಕೇಸಿನಲ್ಲಿಡಿ ಸರ್, ಲೆಕ್ಕಕ್ಕೆ ಬರುವುದು ಆ 1520 ಮಾತ್ರ.

ಜಿಎಂ ಪಟ್ಟಕ್ಕೆ ಕ್ಲಾಸಿಕಲ್ (ದೀರ್ಘ ಅವಧಿಯ ಆಟದ) ರೇಟಿಂಗ್ ಒಮ್ಮೆ 2500 ಮುಟ್ಟಬೇಕು. ಟೂರ್ನಿ ನಡುವೆ ಮುಟ್ಟಿ ಮರುದಿನ ಇಳಿದರೂ ನಡೆಯುತ್ತದೆ. ಜೊತೆಗೆ 27 ಆಟ ತುಂಬುವಷ್ಟು ನಾರ್ಮ್ (ಬಲವಾದ ಟೂರ್ನಿಯಲ್ಲಿ ತೋರಿಸಬೇಕಾದ ಜಿಎಂ ಮಟ್ಟದ ಫಲಿತಾಂಶ), ಅಂದರೆ ಸಾಮಾನ್ಯವಾಗಿ ಮೂರು. ಕಷ್ಟವಿರುವುದು ಇಲ್ಲೇ. ಒಂಬತ್ತು ಸುತ್ತಿನಲ್ಲಿ 2600ರ ಮಟ್ಟದ ಆಟ ಬರಬೇಕು: ಎದುರಾಳಿಗಳ ಸರಾಸರಿ ರೇಟಿಂಗ್ 2380 ಇದ್ದರೆ 7 ಪಾಯಿಂಟ್ (ಗೆಲುವಿಗೆ ಒಂದು, ಡ್ರಾಗೆ ಅರ್ಧ), 2475 ಇದ್ದರೆ 6. ಸರಾಸರಿ 2380ಕ್ಕಿಂತ ಕೆಳಗಿದ್ದರೆ ಎಲ್ಲ ಆಟ ಗೆದ್ದರೂ ನಾರ್ಮ್ ಇಲ್ಲ. ಒಂಬತ್ತು ಎದುರಾಳಿಗಳಲ್ಲಿ ಮೂವರಾದರೂ ಜಿಎಂ ಇರಬೇಕು, ವಿದೇಶಿ ಎದುರಾಳಿಗಳೂ ಇರಬೇಕೆಂಬ ನಿಯಮ ಬೇರೆ ಇದೆ. ಹಾಗಾಗಿ ಊರ ಟೂರ್ನಿಯಲ್ಲಿ ನಾರ್ಮ್ ಹುಟ್ಟುವುದೇ ಇಲ್ಲ.

ಈಗ ಕೆ-ಫ್ಯಾಕ್ಟರ್ ನೋಡಿ, ಅಂದರೆ ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕು ಎನ್ನುವ ಗುಣಕ. 18 ತುಂಬುವ ವರ್ಷದವರೆಗೆ, ರೇಟಿಂಗ್ 2300ರೊಳಗಿದ್ದರೆ, ಅದು 40. ಸಮಬಲದವನನ್ನು ಸೋಲಿಸಿದರೆ ರೇಟಿಂಗ್ 20 ಪಾಯಿಂಟ್ ಏರುತ್ತದೆ. ಒಮ್ಮೆ 2400 ಮುಟ್ಟಿದರೆ ಕೆ 10ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಅದೇ ಗೆಲುವಿಗೆ ಬರೀ 5. ತನಗಿಂತ 300 ಕಡಿಮೆ ಇರುವ ಹುಡುಗನ ಕೈಲಿ ಸೋತರೆ ಸುಮಾರು 8.5 ಹೋಗುತ್ತದೆ. ನಮ್ಮ ಓಪನ್‌ಗಳಲ್ಲಿ (ಯಾರು ಬೇಕಾದರೂ ಆಡಬಹುದಾದ ಟೂರ್ನಿಗಳಲ್ಲಿ) ಅಂಥ ಹುಡುಗರು ರೇಟಿಂಗಿಗಿಂತ ಗಟ್ಟಿ ಇರುತ್ತಾರೆ. ಎಷ್ಟೋ ಐಎಂಗಳು (ಇಂಟರ್‌ನ್ಯಾಷನಲ್ ಮಾಸ್ಟರ್, ಜಿಎಂಗಿಂತ ಒಂದು ಮೆಟ್ಟಿಲು ಕೆಳಗಿನ ಪಟ್ಟ) 2400ರ ಆಸುಪಾಸಲ್ಲೇ ಸಿಕ್ಕಿಹಾಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಕೆ 40 ಇರುವಾಗಲೇ ತನಗಿಂತ 200–300 ಪಾಯಿಂಟ್ ಮೇಲಿನವರ ಜೊತೆ ಆಡಲು ಕೂರಿಸಿ. ಅಂಥ ಟೂರ್ನಿಗಳಿಗೆ ಹೋಗಿಬರಲು ರಾಯಚೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲೇ ಇದೆ, ಹೈದರಾಬಾದಂತೂ ಬೆಂಗಳೂರಿಗಿಂತ ಹತ್ತಿರ. ಕೋಚ್ ಊರಲ್ಲೇ ಬೇಕೆಂದಿಲ್ಲ, ಆನ್‌ಲೈನ್ ಸಾಕು. ಆದರೆ ಸೋತ ಆಟವನ್ನು ಮೊದಲು ಎಂಜಿನ್ (ಚೆಸ್ ಸಾಫ್ಟ್‌ವೇರ್) ಇಲ್ಲದೆ ತಾನೇ ಬಿಡಿಸಲಿ, ತಪ್ಪಿದ ನಡೆಯ ಪಕ್ಕ ಆಗ ಏನು ಯೋಚಿಸಿದ್ದೆ ಅಂತ ಬರೆಯಲಿ. ಈ ವಯಸ್ಸಿಗೆ ಓಪನಿಂಗ್ (ಆರಂಭದ ನಡೆಗಳು) ಬಾಯಿಪಾಠಕ್ಕಿಂತ ರೂಕ್ ಎಂಡ್‌ಗೇಮ್ (ಆನೆಗಳು ಉಳಿದಿರುವ ಆಟದ ಕೊನೆಯ ಹಂತ) ಹೆಚ್ಚು ಪಾಯಿಂಟ್ ತರುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಹೊಟ್ಟೆಪಾಡಿನ ಮಾತು: ಪಟ್ಟ ಸಿಕ್ಕ ಮಾತ್ರಕ್ಕೆ ತಿಂಗಳ ಸಂಬಳ ಬರದು. ಆಯೋಜಕರು ಜಿಎಂಗಳಿಗೆ ರೂಮು ಕೊಡುವುದುಂಟು, ಪ್ರವೇಶ ಶುಲ್ಕ ಬಿಡುವುದುಂಟು. ಬಹುಮಾನ ನಂಬಿ ಬದುಕುವವರು ಬೆರಳೆಣಿಕೆ. ಉಳಿದವರಿಗೆ ಕೋಚಿಂಗ್, ಇಲ್ಲವೇ ರೈಲ್ವೆ, ತೈಲ ಕಂಪನಿಗಳ ಕ್ರೀಡಾ ಕೋಟಾ. 2017ರಲ್ಲಿ ರಾಜ್ಯದ ಮೊದಲ ಜಿಎಂ ಆದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕೂಡ ರೈಲ್ವೆಯಲ್ಲಿದ್ದವರೇ. ಕ್ರೀಡಾ ಕೋಟಾಕ್ಕೂ ಎಸೆಸೆಲ್ಸಿ, ಪಿಯುಸಿ ಕೇಳುತ್ತಾರೆ, ಶಾಲೆ ಬಿಡಿಸಬೇಡಿ.