ಗಾಂಜಾ ಕಾನೂನು ಸಡಿಲಿಸಿದರೆ ಸೇದುವವರು ಹೆಚ್ಚುತ್ತಾರೆಯೇ?

ಅಮೆರಿಕದ ಕೊಲರಾಡೊದಂತೆ ಇಲ್ಲೂ ಗಾಂಜಾವನ್ನು ಸಕ್ರಮಗೊಳಿಸಿದರೆ ಜನರ ಮನಸ್ಸು ಬದಲಾಗಿ ಸೇದುವವರು ಹೆಚ್ಚುತ್ತಾರೆಯೇ ಎಂದು ಕೇಳಿದ್ದೀರಿ. ದಾವಣಗೆರೆಯ ವಿದ್ಯಾನಗರದಲ್ಲಿ ಔಷಧಿ ಅಂಗಡಿ ನಡೆಸುವ ನನಗೆ ಇದು ದೂರದ ವಿಷಯವಲ್ಲ.

ಅಮೆರಿಕದಲ್ಲಿ ಮನಸ್ಸು ಮೊದಲು ಬದಲಾಯಿತು, ಕಾನೂನು ಹಿಂದಿನಿಂದ ಬಂತು. ಗ್ಯಾಲಪ್ ಎಂಬ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ 1969ರಲ್ಲಿ ಸಕ್ರಮವಾಗಲಿ ಎಂದವರು ನೂರಕ್ಕೆ 12 ಮಂದಿ, 2011ರಲ್ಲಿ 50. ಕೊಲರಾಡೊ ಮತದಾರರು ಒಪ್ಪಿದ್ದು 2012ರಲ್ಲಿ, ಅಂಗಡಿಗಳು ತೆರೆದದ್ದು 2014ರಲ್ಲಿ. ಆಮೇಲೆ ಅಮೆರಿಕದಲ್ಲಿ ವಯಸ್ಕರ ಸೇವನೆ ಏರಿತು. ಶಾಲಾ ಮಕ್ಕಳಲ್ಲಿ ಹೆದರಿದಷ್ಟು ಏರಲಿಲ್ಲ.

ನಮ್ಮ ಕಥೆಯೇ ಬೇರೆ. ನಮ್ಮಜ್ಜ ಅದನ್ನು ಭಂಗಿ ಸೊಪ್ಪು ಎನ್ನುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಬೈರಾಗಿ ಚಿಲುಮೆ ಎಳೆದರೆ ಯಾರೂ ಕೇಳುತ್ತಿರಲಿಲ್ಲ, ಮನೆಯ ಹುಡುಗ ಮುಟ್ಟಿದರೆ ಮಾತ್ರ ಬೆನ್ನು ಮುರಿಯುತ್ತಿದ್ದರು. 1985ರ ಮಾದಕ ವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಗಿಡದ ಹೂತೆನೆಯನ್ನು ಗಾಂಜಾ ಎಂದು ನಿಷೇಧಿಸಿತು, ಬರೀ ಎಲೆಯನ್ನು ಹೊರಗೆ ಬಿಟ್ಟಿತು. ಆದರೂ 2019ರ ಏಮ್ಸ್ ವರದಿಯ ಪ್ರಕಾರ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗಲೂ ಹೀಗೆಯೇ, ಪಾಕೀಟು ಹೋಗಿ ಬಾಟಲಿ ಬಂತು.

ಹಾಗೆಂದು ಹಾಸ್ಟೆಲ್ ಬೀದಿಯಲ್ಲಿ ಗಾಂಜಾ ಅಂಗಡಿ ತೆರೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ನನ್ನ ಸಂಕಟ ಮನೆಗಳೊಳಗಿನ ಭಯದ್ದು.

ಕಳೆದ ಮಳೆಗಾಲ ಒಬ್ಬ ತಾಯಿ ತಿಂಗಳಲ್ಲಿ ಮೂರನೆಯ ಸಲ ಕಣ್ಣಿನ ಹನಿ ಕೇಳಿದರು. ‘ಯಾರಿಗಮ್ಮ?’ ಎಂದೆ. ‘ಮಗನಿಗೆ. ದಿನಾ ಸಂಜೆ ಕಣ್ಣು ಕೆಂಪಗಿರುತ್ತದೆ’ ಎಂದವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು. ಬೇರೆ ಗಿರಾಕಿಗಳು ಹೋದ ಮೇಲೆ ತಗ್ಗಿದ ದನಿಯಲ್ಲಿ, ‘ಅಣ್ಣಾ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸರಿಗೆ ಹೇಳುತ್ತಾರಾ? ಕೇಸು ಬಿದ್ದರೆ ಓದು ಹೋಯಿತಲ್ಲ’ ಎಂದರು. ಹುಡುಗ ಪಿಯುಸಿ ಎರಡನೇ ವರ್ಷ. ಆರು ತಿಂಗಳಿಂದ ಗಂಡನಿಗೂ ಹೇಳದೆ ಒಬ್ಬರೇ ನುಂಗಿಕೊಂಡಿದ್ದರು.

ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ಇದಕ್ಕೆ ದಾರಿಯಿದೆ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಆರೋಪಕ್ಕೊಳಗಾದ ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮುಗಿಸಬೇಕು. ಗಾಂಜಾದಲ್ಲಿ ಅಲ್ಪ ಪ್ರಮಾಣವೆಂದರೆ ಒಂದು ಕೆಜಿಯವರೆಗೆ. ಮಾರುವವರಿಗೆ ಈ ರಕ್ಷಣೆ ಇಲ್ಲ. ಶಿಕ್ಷೆಯ ಸುದ್ದಿ ಊರೂರಿಗೆ ತಲುಪಿದೆ, ಈ ಕಲಮು ಆ ತಾಯಿಗೆ ತಲುಪಿರಲಿಲ್ಲ. ಮೊದಲು ಆಗಬೇಕಾದ ಬದಲಾವಣೆ ಇದು ಎಂದು ನನಗನಿಸುತ್ತದೆ.

ಆಕೆ ಕಣ್ಣಿನ ಹನಿಯ ಬಿಲ್ಲಿನ ಹಿಂದೆ ವ್ಯಸನಮುಕ್ತಿ ಸಹಾಯವಾಣಿ 14446 ಬರೆಸಿಕೊಂಡು ಹೋದರು. ನೀವು ಕೇಳಿದ್ದು ನಿಮ್ಮ ಮನೆಯವರಿಗಾಗಿಯಾದರೆ, ಕರೆ ಉಚಿತ, ಇವತ್ತೇ ಮಾಡಿ.