ನಿಮಗೆ ಬಿ1 ಸಾಕು, ನಿಮ್ಮ ಪತ್ನಿಗೆ ಸಾಲದು

ನುರಿತ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿಯ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀರಿ, ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಎ1, ಎ2, ಬಿ1, ಬಿ2, ಸಿ1 ಎಂದು ಏರುವ ಭಾಷಾ ಮಟ್ಟಗಳಲ್ಲಿ ಜರ್ಮನ್ ಎ2 ಮುಗಿಸಿದ್ದೀರಿ. ಬಿ1 ಮಾಡಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಪತ್ನಿ ದಂತವೈದ್ಯೆ, ಅವರಿನ್ನೂ ಕಲಿಕೆ ಆರಂಭಿಸಿಲ್ಲ ಎಂಬುದನ್ನು ಕೊನೆಯ ಸಾಲಿನಲ್ಲಿ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವೀಸಾಕ್ಕಾಗಿ ಎ1 ಪ್ರಮಾಣಪತ್ರ ಬೇಕಿಲ್ಲ. ಈ ವಿನಾಯಿತಿಯನ್ನು ನಂಬಿಕೊಂಡು, ಮನೆ ಸಿಗಲಿ, ಸಾಮಾನು ಜೋಡಿಸಿಕೊಳ್ಳೋಣ, ಆಮೇಲೆ ನೋಡೋಣ ಎಂದು ಹೆಂಡತಿಯ ತರಗತಿಯನ್ನು ಮುಂದೂಡುವ ಗಂಡಂದಿರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ದಂತವೈದ್ಯೆಯಾಗಿ ಕೆಲಸ ಮಾಡಲು ಸಾಮಾನ್ಯ ಜರ್ಮನ್ ಬಿ2 ಇರಬೇಕು, ಅದರ ಮೇಲೆ ಸಿ1 ಮಟ್ಟದ ವೃತ್ತಿಭಾಷಾ ಪರೀಕ್ಷೆ. ಅದರಲ್ಲಿ ರೋಗಿಯ ಪಾತ್ರದಲ್ಲಿ ಕುಳಿತವರನ್ನು ವಿಚಾರಿಸಬೇಕು, ಕೇಳಿದ್ದನ್ನು ವರದಿಯಾಗಿ ಬರೆಯಬೇಕು, ಬಳಿಕ ಇನ್ನೊಬ್ಬ ವೈದ್ಯರಿಗೆ ವಿವರಿಸಬೇಕು. ಹಲ್ಲು ಕೀಳುವುದಕ್ಕಿಂತ ಇದು ಕಷ್ಟ. ಹಾಗಾಗಿ ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಇನ್ನೆಲ್ಲೋ ಅವರ ಎ1 ತರಗತಿ ಈ ತಿಂಗಳೇ ಆರಂಭವಾಗಲಿ. ಪದವಿಯ ಮಾನ್ಯತೆಗೂ ಸಮಯ ಹಿಡಿಯುತ್ತದೆ. ಆ ಅವಧಿ ಬಿ2ಗೆ ಒದಗುತ್ತದೆ.

ಇನ್ನು ನಿಮ್ಮ ವಿಷಯ. ಕಾಗದಪತ್ರದ ಮಟ್ಟಿಗೆ ಬಿ1 ಸಾಕು. ಎ1 ಇದ್ದರೆ 27 ತಿಂಗಳಿಗೆ ಸಿಗುವ ಕಾಯಂ ವಾಸದ ಪರವಾನಗಿ ಬಿ1 ಇದ್ದರೆ 21 ತಿಂಗಳಿಗೇ ಸಿಗುತ್ತದೆ. ಪೌರತ್ವಕ್ಕೆ ಕೇಳುವುದೂ ಅದನ್ನೇ.

ಆದರೆ ಬಿ1 ಪರೀಕ್ಷೆಯಲ್ಲಿ ನಿಮ್ಮೆದುರು ಕೂರುವವರೂ ನಿಮ್ಮಂತೆಯೇ ಕಲಿಯುತ್ತಿರುವವರು. ಇಬ್ಬರೂ ಸೇರಿ ಯಾವುದೋ ಸಮಾರಂಭಕ್ಕೆ ನಿಧಾನವಾಗಿ ಯೋಜನೆ ಹಾಕುತ್ತೀರಿ, ಪಾಸಾಗುತ್ತೀರಿ. ಮರುದಿನ ಚರ್ಮವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿ ನೋಡಿ. ಹೊಸ ರೋಗಿಯೇ, ಸರ್ಕಾರಿ ವಿಮೆಯೇ ಖಾಸಗಿಯೇ, ಹುಟ್ಟಿದ ದಿನಾಂಕ ಯಾವುದು ಎಂದು ಅತ್ತಲಿಂದ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ವಾಪಸ್ ಕರೆ ಮಾಡಲು ಕೊಡುವ ನಂಬರಿನಲ್ಲಿ 34 ಎಂಬುದು ‘ನಾಲ್ಕು ಮತ್ತು ಮೂವತ್ತು’ ಎಂದು ಕೇಳಿಸುತ್ತದೆ. ನೀವು 43 ಎಂದು ಬರೆದುಕೊಂಡಿರುತ್ತೀರಿ. ಇದಕ್ಕೆ ಕಿವಿ ಪಳಗಬೇಕು. ಬಿ2 ಕಡೆಗೆ ಹೋದಂತೆ ಪಳಗುತ್ತದೆ, ಆದರೆ ತರಗತಿಯೊಂದರಿಂದಲೇ ಅಲ್ಲ. ಮೇಲಾಗಿ ಸ್ಟುಟ್‌ಗಾರ್ಟ್ ಇರುವುದು ಶ್ವಾಬಿಷ್ ಎಂಬ ಉಪಭಾಷೆಯ ಸೀಮೆಯಲ್ಲಿ. ಪುಸ್ತಕದ ಕನ್ನಡ ಕಲಿತು ನೇರವಾಗಿ ಕಲಬುರಗಿಯ ಸಂತೆಗೆ ಇಳಿದವರಂತೆ ಕೆಲವು ತಿಂಗಳು ಕಣ್ಣು ಬಿಡುತ್ತೀರಿ.

ಸಮಾಧಾನದ ಸಂಗತಿ ಎಂದರೆ, ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು ನಮಗೆ ಹೊಸದಲ್ಲ. ಇಂಗ್ಲಿಷಿನ ಮೂಲಕ ಸುತ್ತಿಬರದೆ ಕನ್ನಡದಿಂದಲೇ ಜರ್ಮನ್‌ಗೆ ಹೋಗಿ, ಅಷ್ಟು ಭಾಗ ಸಲೀಸು. ನಾಮಪದಗಳ ಲಿಂಗಕ್ಕೆ ಮಾತ್ರ ಬಾಯಿಪಾಠವೇ ಗತಿ.

ಊರೂರಲ್ಲೂ ಫೋಲ್ಕ್ಸ್‌ಹೋಕ್‌ಶೂಲೆ ಎಂಬ ಸಾರ್ವಜನಿಕ ಶಿಕ್ಷಣ ಕೇಂದ್ರಗಳಿವೆ. ಅಲ್ಲಿನ ಸಂಜೆಯ ತರಗತಿ ನಿಮಗೆ ಸಾಕು. ಹಗಲಿನ ತೀವ್ರ ತರಗತಿಗೆ ಪತ್ನಿಯನ್ನು ಸೇರಿಸಿ. ಹಣ ಒಬ್ಬರಿಗಷ್ಟೇ ಸಾಲುತ್ತದೆ ಎಂದಾದರೆ ಅವರಿಗೇ ಕಟ್ಟಿ.